ಅಜ್ಜಿಯ ಎರಡು ಹೆಸರು ಹುಡುಕಿಕೊಟ್ಟ ಮೇಡಂ

ನಮ್ಮ ಮನೆ ಅರ್ಗಾದಲ್ಲಿತ್ತು. ಸೀಬರ್ಡ್ ನೌಕಾನೆಲೆಗೆ ಜಾಗ ಹೋಯಿತು, ಹಳೇ ಪೆಟ್ಟಿಗೆಯ ಕಾಗದಗಳೂ ಚೆಲ್ಲಾಪಿಲ್ಲಿಯಾದವು. ಅದಕ್ಕೇ ಕಾರವಾರದಿಂದ ಘಟ್ಟ ಹತ್ತಿ ಶಿರಸಿಗೆ ಹೋಗಿ, ವಂಶಾವಳಿ ಹುಡುಕಿಕೊಡುವ ಮೇಡಂ ಒಬ್ಬರನ್ನು ಕಂಡೆ. ಇವರು ಮೊದಲು ಕಾಲೇಜಿನಲ್ಲಿ ಮಾಧ್ಯಮ ಪಾಠ ಮಾಡುತ್ತಿದ್ದರು. ಪತ್ರಿಕೆ, ಟಿವಿಯಲ್ಲಿ ಹೆಂಗಸರಿಗೆ ಎಷ್ಟು ಜಾಗ ಸಿಗುತ್ತದೆ ಅಂತ ಲೆಕ್ಕ ಹಾಕುತ್ತಿದ್ದವರು. ತಮ್ಮ ಮನೆಯ ವಂಶಾವಳಿಯಲ್ಲೇ ಒಬ್ಬ ಹೆಣ್ಣಿನ ಹೆಸರೂ ಇಲ್ಲದ್ದನ್ನು ಕಂಡು ಈ ಕಡೆ ತಿರುಗಿದರಂತೆ.

ಆ ಕಣ್ಣು ಕೆಲಸದಲ್ಲಿ ಕಾಣುತ್ತದೆ. ನಾನು ಅಜ್ಜನ ಅಜ್ಜನ ಬಗ್ಗೆ ಕೇಳಿದೆ. ಅವರು ಕೇಳಿದ್ದು, "ಅಜ್ಜಿಯ ತವರಿನ ಹೆಸರೇನು?" ನಮ್ಮ ಕೊಂಕಣಿ ಮನೆಗಳಲ್ಲಿ ಮದುವೆಯಾದಾಗ ಹುಡುಗಿಯ ಹೆಸರನ್ನೇ ಬದಲಿಸುತ್ತಿದ್ದರು ಅಲ್ವಾ? ನಾವು ಇಬ್ಬರು ಅಂದುಕೊಂಡಿದ್ದ ಗಂಗಾ ಮತ್ತು ಸೀತಾಬಾಯಿ ಒಬ್ಬರೇ! ಹಳೇ ಪಾಲುಪಟ್ಟಿಯೊಂದರಲ್ಲಿ, ಹೆಬ್ಬೆಟ್ಟಿನ ಗುರುತಿನ ಪಕ್ಕ, ಎರಡೂ ಹೆಸರು ಇದ್ದವು. ನೋಡಿ ನನಗೆ ಕಣ್ಣು ತುಂಬಿ ಬಂತು.

ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಹೋಯಿತು. ಹಾಗಾಗಿ ಯಾವ ಕಾಲದ ಕಾಗದ ಎಲ್ಲಿ ಹುಡುಕಬೇಕು ಎನ್ನುವುದೇ ದೊಡ್ಡ ಕೆಲಸ. ಅದು ಅವರಿಗೆ ಚೆನ್ನಾಗಿ ಗೊತ್ತು. ಖಾತ್ರಿಯಿಲ್ಲದ ಹೆಸರನ್ನು ಸುಮ್ನೆ ಸೇರಿಸುವುದಿಲ್ಲ, ಪೆನ್ಸಿಲ್‌ನಲ್ಲಿ ಬರೆದಿಡುತ್ತಾರೆ.

ಹೇಳಿದ್ದು ಎರಡು ತಿಂಗಳು, ಆಗಿದ್ದು ಐದು. ಫೋನ್ ಎತ್ತುವುದೂ ಕಡಿಮೆ. ಅವಸರ ಜಾಸ್ತಿ ಇದ್ದವರಿಗೆ ಕಷ್ಟ. ನಾನಂತೂ ಮುಂದಿನ ವಾರ ಅಮ್ಮನ ಕಡೆಯ ಕಾಗದಗಳನ್ನೂ ಕೊಟ್ಟು ಬರುತ್ತೇನೆ.