ಅಚ್ಚಾದ ಪ್ರಯೋಗ ಪುಸ್ತಕವೋ, ಖಾಲಿ ರೆಕಾರ್ಡ್ ಬುಕ್ಕೋ?

ಮಕ್ಕಳು ವಿಜ್ಞಾನದ ಪ್ರಯೋಗದ ವರದಿ ಬರೆಯಲು ನನ್ನ ಓಟು ಖಾಲಿ ರೆಕಾರ್ಡ್ ಬುಕ್ಕಿಗೇ. ಒಂದು ಪುಟಕ್ಕೆ ಗೆರೆ, ಎದುರಿನ ಪುಟ ಚಿತ್ರ ಬಿಡಿಸಲು ಬಿಳಿ ಇರುತ್ತದಲ್ವಾ, ಅದೇ.

ಮಗಳು ಒಂಬತ್ತನೇ ಕ್ಲಾಸಿಗೆ ಬಂದಾಗ ಎಲ್ಲ ಅಚ್ಚಾಗಿರುವ ಪ್ರಯೋಗ ಪುಸ್ತಕ ತಂದುಕೊಟ್ಟಿದ್ದೆ. ಉದ್ದೇಶ, ಸಾಮಗ್ರಿ, ವಿಧಾನ ಅದರಲ್ಲೇ ಇವೆ. ಬಿಟ್ಟ ಸ್ಥಳ ತುಂಬಿದರೆ ಮುಗಿಯಿತು. ಚಿತ್ರಗಳೂ ಚೆನ್ನಾಗಿವೆ.

ತೊಡಕು ಬಂದದ್ದು ನೀರು ಕುದಿಸುವಾಗ. ಬೀದರಿನ ನಮ್ಮ ಮನೆಯಲ್ಲಿ ನೀರು ಕೊತಕೊತ ಕುದಿಯುತ್ತಿದ್ದರೂ ಥರ್ಮಾಮೀಟರ್ 98ರ ಹತ್ತಿರವೇ ನಿಂತಿತು. ಉರಿ ಜಾಸ್ತಿ ಮಾಡಿದರೂ ಏರಲಿಲ್ಲ. ಪುಸ್ತಕದಲ್ಲಿ ಮಾತ್ರ ಫಲಿತಾಂಶ ಮೊದಲೇ ಅಚ್ಚಾಗಿತ್ತು: 100 ಡಿಗ್ರಿ ಸೆಲ್ಸಿಯಸ್. "ಪುಸ್ತಕದಾಗ 100 ಅದ ಅಪ್ಪಾ, ನಮ್ದೇ ತಪ್ಪಾಗಿರ್ಬೇಕು" ಅಂತ ಮಗಳು ಕೋಷ್ಟಕದಲ್ಲೂ 100 ಬರೆಯಲು ಹೊರಟಳು.

ಅವಳ ಅಳತೆ ಸರಿಯಾಗಿಯೇ ಇತ್ತು. ಬೀದರ್ ಸಮುದ್ರ ಮಟ್ಟಕ್ಕಿಂತ 600 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಎತ್ತರ ಹೆಚ್ಚಿದಂತೆ ಗಾಳಿಯ ಒತ್ತಡ ತಗ್ಗುತ್ತದೆ, ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ ಕುದಿಯುವ ಬಿಂದುವೂ ಇಳಿಯುತ್ತದೆ. ಇಷ್ಟು ಒಳ್ಳೆಯ ವಿಷಯ ಬರೆಯಲು ಆ ಪುಸ್ತಕದಲ್ಲಿ ಒಂದು ಸಾಲಿನ ಜಾಗವೂ ಇರಲಿಲ್ಲ. ಕಂಡದ್ದನ್ನೇ ಬರೆಯಲು ಬಿಡದಿದ್ದರೆ ಅದು ಎಂಥ ವರದಿ?

ಖಾಲಿ ಬುಕ್ಕಿನಲ್ಲಿ ಮತ್ತೆ ಬರೆಸಿದೆ. ಎಷ್ಟು ನೀರು, ಥರ್ಮಾಮೀಟರಿನ ಬುಡ ಪಾತ್ರೆಯ ತಳಕ್ಕೆ ತಾಗದಂತೆ ಹೇಗೆ ಹಿಡಿದಳು, ನಿಮಿಷಕ್ಕೊಮ್ಮೆ ಎಷ್ಟು ತೋರಿಸಿತು, ಯಾವ ಊರಿನಲ್ಲಿ ಮಾಡಿದ್ದು, ಎಲ್ಲವೂ ಬಂತು. ಕಂಡದ್ದು ಬೇರೆ ಕಡೆ, ಅದರಿಂದ ತಿಳಿದದ್ದು ಬೇರೆ ಕಡೆ. ಓದಿದವರು ಯಾರನ್ನೂ ಕೇಳದೆ ಅದನ್ನೇ ಮಾಡಿ ನೋಡಬಹುದು.

ಲೋಲಕದ (ದಾರಕ್ಕೆ ಕಟ್ಟಿ ತೂಗಾಡಿಸುವ ಗುಂಡು) ಪ್ರಯೋಗಕ್ಕೂ ಇದೇ ಮಾತು. ಅಚ್ಚಾದ ಕೋಷ್ಟಕದಲ್ಲಿ ಒಂದೇ ಸಾಲು. ನಮಗೆ ಮೂರು ಸಲದ ಅಳತೆ, ಸರಾಸರಿ ಎರಡೂ ಬೇಕು. ಒಂದು ಮೀಟರ್ ಉದ್ದದ ಲೋಲಕ 20 ಸಲ ಆಚೆ ಹೋಗಿ ಈಚೆ ಬರಲು ಸುಮಾರು 40 ಸೆಕೆಂಡ್ ಬೇಕು. ಒಂದೇ ತೂಗು ಅಳೆದರೆ ಸ್ಟಾಪ್‌ವಾಚ್ ಒತ್ತುವಾಗಿನ ತಡವೇ ದೊಡ್ಡದಾಗುತ್ತದೆ.

ಮೊಬೈಲಿನಲ್ಲಿ ಟೈಪ್ ಮಾಡುವುದನ್ನೂ ನೋಡಿದೆವು. ಫೋಟೋಕ್ಕೆ ಸೈ, ಕೋಷ್ಟಕಕ್ಕೆ ಬೇಡ.

ಖಾಲಿ ಬುಕ್ಕಿಗೆ ದುಡ್ಡೂ ಕಡಿಮೆ ಬಿತ್ತು. ಸಮಯ ಮಾತ್ರ ಜಾಸ್ತಿ ಬೇಕು. ಭಾನುವಾರ ಮಗಳ ಜೊತೆ ಕೂರುವ ರೂಢಿ ನನಗಿದೆ, ಹಾಗಾಗಿ ನಡೆಯುತ್ತದೆ. ಶಾಲೆಯಲ್ಲಿ ಅಚ್ಚಾದದ್ದೇ ಬೇಕು ಅಂದರೆ ಅಳತೆಗಳನ್ನು ಮೊದಲು ಖಾಲಿ ಬುಕ್ಕಿನಲ್ಲಿ ಬರೆಸಿ. ಕೊಳ್ಳುವಾಗ ಹಾಳೆ ದಪ್ಪ ಇದೆಯಾ ನೋಡಿಕೊಳ್ಳಿ, ತೆಳು ಇದ್ದರೆ ಹಿಂದಿನ ಪುಟದ ಶಾಯಿ ಚಿತ್ರದ ಮೇಲೆ ಮೂಡುತ್ತದೆ.