ಮಾರಿಸ್ ಮೈನರ್ ಎಂಜಿನ್‌ಗೆ ಸ್ಯಾಂಪಲ್ ಕೊಟ್ಟು ಮಾಡಿಸಿದ 2ಕೆ ಹಸಿರು ಪೇಂಟ್: ವರ್ಷಗಟ್ಟಲೆ ಓಡಿಸಿದ ಮೇಲಿನ ಅನುಭವ

ನಮ್ಮ ಮನೆಯ 1958ರ ಮಾರಿಸ್ ಮೈನರ್ 1000 ಎಂಬ ಬ್ರಿಟಿಷ್ ಕಾರನ್ನು ಪೂರ್ತಿ ಬಿಚ್ಚಿ ಕಟ್ಟಿಸಿದಾಗ ಎಂಜಿನ್‌ಗೆ ಬಣ್ಣ ಮಾಡಿಸಿದ್ದು ಬೆಂಗಳೂರಿನ ಜೆ.ಸಿ. ರಸ್ತೆಯ ಒಂದು ಪೇಂಟ್ ಮಿಕ್ಸಿಂಗ್ ಅಂಗಡಿಯಲ್ಲಿ. ರೆಡಿಮೇಡ್ ಡಬ್ಬಿ ಅಲ್ಲ, ಎಂಜಿನ್ನಿನ ಭಾಗವನ್ನೇ ಒಯ್ದು ತೋರಿಸಿ ಕಲೆಸಿಸಿದ 2ಕೆ ಪಿಯು ಪೇಂಟ್, ಅಂದರೆ ಹೊಡೆಯುವ ಮುಂಚೆ ಹಾರ್ಡನರ್ (ಗಟ್ಟಿಯಾಗಿಸುವ ದ್ರಾವಣ) ಬೆರೆಸುವ ಪಾಲಿಯುರೆಥೇನ್ ಪೇಂಟ್. ಈ ಗಾಡಿ ಬರೀ ಶೋಗೆ ನಿಲ್ಲಿಸುವುದಲ್ಲ. ಭಾನುವಾರ ಊರೊಳಗೆ ಸುತ್ತುತ್ತದೆ, ಆಗಾಗ ಮೈಸೂರಿಗೆ ಹೋಗಿ ಬರುತ್ತದೆ. ಹೊಸದರಲ್ಲಿ ಯಾವ ಪೇಂಟ್ ಆದರೂ ಚೆನ್ನಾಗಿಯೇ ಕಾಣುತ್ತದೆ ಅಲ್ವಾ? ಅದಕ್ಕೇ ಇಷ್ಟು ದಿನ ಕಾದು ಈಗ ಬರೆಯುತ್ತಿದ್ದೇನೆ.

ಮೊದಲು ಯಾವ ಹಸಿರು ಅನ್ನುವ ವಿಚಾರ. ಮೈನರ್‌ಗೆ 1952ರಲ್ಲಿ 803 ಸಿಸಿ ಎ-ಸೀರೀಸ್ ಎಂಜಿನ್ ಬಂತು. 1956ರಲ್ಲಿ ಮೈನರ್ 1000 ಆದಾಗ 948 ಸಿಸಿ, 1962ರಲ್ಲಿ 1098 ಸಿಸಿ. ನಮ್ಮದು 948. ಇದರ ಬಣ್ಣ ಹಸಿರು ಅನ್ನುವುದು ಎಲ್ಲರಿಗೂ ಗೊತ್ತು. ಆದರೆ 'ಬಿಎಂಸಿ ಗ್ರೀನ್' (ಬಿಎಂಸಿ ಅಂದರೆ ಮಾರಿಸ್ ಸೇರಿದ್ದ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ ಕಂಪನಿ) ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಕೊಡುತ್ತಾರೆ. ಒಂದು ಡಬ್ಬಿಯಲ್ಲಿ ಕಡು ಹಸಿರು, ಇನ್ನೊಂದರಲ್ಲಿ ಪಿಸ್ತಾ, ಮತ್ತೊಂದರಲ್ಲಿ ನೀಲಿ ಮಿಶ್ರ. ಮೊಬೈಲಿನಲ್ಲಿ ನೋಡಿದ ಫೋಟೋವನ್ನಂತೂ ನಂಬಲೇಬಾರದು. ಒಂದೇ ಎಂಜಿನ್ ನೆರಳಲ್ಲಿ ಒಂದು ಬಣ್ಣ, ಬಿಸಿಲಲ್ಲಿ ಇನ್ನೊಂದು ಬಣ್ಣ ಕಾಣುತ್ತದೆ.

ಅಂಬಾಸಿಡರ್ ನೋಡಿ ಬಣ್ಣ ಹೊಡೆಸೋಣ ಅನ್ನುವವರೂ ಇದ್ದಾರೆ. ಅದೂ ಬಿಎಂಸಿ ಮನೆತನದ್ದೇ, ಆದರೆ 1489 ಸಿಸಿ ಬಿ-ಸೀರೀಸ್. ಗಾಡಿ ಬೇರೆ, ಕಾರ್ಖಾನೆ ಬೇರೆ. ಮೈನರ್‌ಗೆ ಅದನ್ನು ಮಾದರಿ ಮಾಡಿಕೊಳ್ಳಬೇಡಿ.

ನಿಜವಾದ ಬಣ್ಣ ಸಿಗುವುದು ನಿಮ್ಮ ಎಂಜಿನ್ ಮೇಲೆಯೇ. ಮೇಲಿನ ಟ್ಯಾಪೆಟ್ ಕವರ್ ನೋಡಿ ಉಪಯೋಗವಿಲ್ಲ. ಬಾನೆಟ್ ಎತ್ತಿದ ಕೂಡಲೇ ಕಣ್ಣಿಗೆ ಬೀಳುವುದು ಅದೇ ಆದ್ದರಿಂದ ಪ್ರತಿ ಮೆಕ್ಯಾನಿಕ್ಕೂ ಅದಕ್ಕೆ ಒಂದೊಂದು ಕೋಟ್ ಹೊಡೆದಿರುತ್ತಾನೆ. ಹುಡುಕಬೇಕಾದ್ದು ಎಡಗಡೆ ಸೈಲೆನ್ಸರ್ ಮ್ಯಾನಿಫೋಲ್ಡ್ (ಎಂಜಿನ್ ಹೊಗೆ ಹೊರಹೋಗುವ ಕೊಳವೆ) ಕೆಳಗೆ, ಬ್ಲಾಕ್‌ನ ಪಕ್ಕದಲ್ಲಿರುವ ಎರಡು ಸಣ್ಣ ಸೈಡ್ ಕವರ್‌ಗಳ ಸುತ್ತ. ಅಲ್ಲಿ ಗ್ಯಾಸ್ಕೆಟ್ ಬೆವರಿ ಬೆವರಿ ದಶಕಗಳ ಎಣ್ಣೆ ಜಿಡ್ಡು ಕಟ್ಟಿರುತ್ತದೆ. ಆ ಜಿಡ್ಡೇ ಬಣ್ಣವನ್ನು ಕಾಪಾಡಿರುತ್ತದೆ. ಜಿಡ್ಡು ತೆಗೆಯಲು ಕಾಸ್ಟಿಕ್ ಸೋಡಾ ಹಾಕಿದರೆ ಪೇಂಟೂ ಎದ್ದು ಬರುತ್ತದೆ. ಸೀಮೆಎಣ್ಣೆ, ಹಳೆ ಹಲ್ಲುಜ್ಜುವ ಬ್ರಷ್ ಸಾಕು, ಮೆತ್ತಗೆ ಉಜ್ಜಬೇಕು. ನಮ್ಮ ಗಾಡಿಯಲ್ಲಿ ಮೊದಲು ಕಪ್ಪು, ಆಮೇಲೆ ಕಂದು, ಅದರ ಕೆಳಗೆ ಬೆರಳಗಲದಷ್ಟು ಹಸಿರು ಹೊರಬಂತು. ಕಡುವೂ ಅಲ್ಲ, ತಿಳಿಯೂ ಅಲ್ಲ, ಸ್ವಲ್ಪ ಬೂದಿ ಬೆರೆತ ಹಸಿರು. ಡಬ್ಬಿಯ ಯಾವ ಹಸಿರಿಗೂ ಅದು ಹೊಂದಲಿಲ್ಲ.

ಇಲ್ಲಿ ಒಂದು ಮಾತು. ಕೆರೆದಾಗ ಚಿನ್ನದ ಬಣ್ಣ ಬಂದರೆ ಯಾರೋ ಶೋಕಿಗೆ ಹೊಡೆಸಿದ್ದು ಅಂತ ತಿಳಿಯಬೇಡಿ. ಬಿಎಂಸಿ ಕಂಪನಿಯೇ ರೀಕಂಡಿಷನ್ ಮಾಡಿ ಮಾರುತ್ತಿದ್ದ ಗೋಲ್ಡ್ ಸೀಲ್ ಎಂಜಿನ್‌ಗಳಿಗೆ ಚಿನ್ನದ ಬಣ್ಣ, ಸಿಲ್ವರ್ ಸೀಲ್ ಎಂಜಿನ್‌ಗಳಿಗೆ ಬೆಳ್ಳಿ ಬಣ್ಣ ಇರುತ್ತಿತ್ತು. ಅಂಥ ಎಂಜಿನ್ ಸಿಕ್ಕಿದರೆ ಅದೂ ಆ ಗಾಡಿಯ ಚರಿತ್ರೆಯೇ. ನನ್ನ ಮಟ್ಟಿಗೆ ಅದರ ಮೇಲೆ ಹಸಿರು ಹೊಡೆಯುವುದು ಅನ್ಯಾಯ.

ಈಗ ಅಂಗಡಿಯ ಕೆಲಸ. ಅಲ್ಲಿ ಬಣ್ಣ ಓದುವ ಮಿಷನ್ ಇದೆ. ಕಾರಿನ ಬಾಡಿಗೆ ಅದು ಸೊಗಸಾಗಿ ಕೆಲಸ ಮಾಡುತ್ತದೆ. ಆದರೆ ಅದಕ್ಕೆ ಚಪ್ಪಟೆಯಾದ, ಶುದ್ಧವಾದ ಜಾಗ ಬೇಕು. ಸೈಡ್ ಕವರ್ ಉಬ್ಬಾಗಿದೆ, ಉಳಿದ ಬಣ್ಣದ ತುಣುಕೂ ಚಿಕ್ಕದು, ಮೇಲೆ ಎಣ್ಣೆಯ ಹಳದಿ ಬೇರೆ. ಮಿಷನ್ ಕೊಟ್ಟ ಫಾರ್ಮುಲಾದಲ್ಲಿ ಬಂದದ್ದು ನೀಲಿ ಕಡೆ ವಾಲಿದ ಹಸಿರು. ಅದನ್ನು ಸರಿ ಮಾಡಿದ್ದು ಅಲ್ಲಿನ ಹಿರಿಯ ಟಿಂಟಿಂಗ್ ಮೇಸ್ತ್ರಿ. ಒಂದು ಹನಿ ಹಳದಿ, ಚೂರು ಕಪ್ಪು, ಮತ್ತೆ ಕಲೆಸು, ತಗಡಿನ ತುಂಡಿನ ಮೇಲೆ ಹೊಡಿ, ಒಣಗಿಸು, ಕವರ್ ಪಕ್ಕ ಇಡು. ಹಸಿ ಪೇಂಟ್ ನೋಡಿ ಅವರು ತೀರ್ಮಾನ ಮಾಡಲೇ ಇಲ್ಲ, ಯಾಕಂದ್ರೆ ಒಣಗಿದ ಮೇಲೆ ಬಣ್ಣ ಬದಲಾಗುತ್ತದೆ. ಟ್ಯೂಬ್‌ಲೈಟಿನಲ್ಲಿ ಸರಿ ಕಂಡದ್ದನ್ನು ರಸ್ತೆಗೆ ತಂದು ಬಿಸಿಲಲ್ಲೂ ಹಿಡಿದು ನೋಡಿದರು. ಎರಡು ಬಣ್ಣ ಒಂದು ಬೆಳಕಿನಲ್ಲಿ ಹೊಂದಿ ಇನ್ನೊಂದರಲ್ಲಿ ಬೇರೆಯಾಗಿ ಕಾಣುವುದು ನಿಜಕ್ಕೂ ಇದೆ, ಕಣ್ಣಾರೆ ಕಂಡೆ. ಇಷ್ಟು ತಾಳ್ಮೆಯ ಕೆಲಸಕ್ಕೆ ನಾನು ಪೂರ್ತಿ ಮಾರ್ಕ್ಸ್ ಕೊಡುತ್ತೇನೆ.

ಹೊಡೆಯುವ ಮೊದಲು ಬ್ಲಾಕ್ ಚೆನ್ನಾಗಿ ತೊಳೆದು, ಜಿಡ್ಡು ತೆಗೆದು, ಬೀಡು ಕಬ್ಬಿಣಕ್ಕೆ ಹಿಡಿಯುವ ಎಚಿಂಗ್ ಪ್ರೈಮರ್ ತೆಳ್ಳಗೆ ಹೊಡೆಸಿದೆವು. ಪುಟ್ಟಿ ಹಾಕಿಸಲಿಲ್ಲ. ಎರಕದ ಒರಟು, ಅಚ್ಚಿನ ಗೆರೆ, ಉಬ್ಬಿದ ಅಂಕಿಗಳು ಕಾಣಲೇಬೇಕು. ಅವನ್ನು ತುಂಬಿ ನುಣ್ಣಗೆ ಮಾಡಿದ ಎಂಜಿನ್ ನೋಡಿದರೆ ನನಗೆ ಸಂಕಟವಾಗುತ್ತದೆ. ಡೈನಮೋ, ಸೆಲ್ಫ್ ಮೋಟರ್ ಕಪ್ಪಾಗಿಯೇ ಉಳಿದವು. ಮ್ಯಾನಿಫೋಲ್ಡ್‌ಗೆ ಈ ಪೇಂಟ್ ಮುಟ್ಟಿಸಬೇಡಿ. ನೂರಾರು ಡಿಗ್ರಿ ಬಿಸಿಯಲ್ಲಿ ಸುಟ್ಟು ಹೊಗೆಯಾಗಿ ಹೋಗುತ್ತದೆ.

ಬಾಳಿಕೆ ಹೇಗಿದೆ? ಬ್ಲಾಕ್, ಚೇಂಬರ್ (ಎಂಜಿನ್ ಆಯಿಲ್ ನಿಲ್ಲುವ ತಳಭಾಗ), ಟೈಮಿಂಗ್ ಕವರ್ ಮೇಲೆ ಬಣ್ಣ ಒಂಚೂರೂ ಅಲುಗಾಡಿಲ್ಲ. ಅಂಗಡಿಯವರು ಕೊಟ್ಟ ತಗಡಿನ ತುಂಡನ್ನು ಬೀರುವಿನಲ್ಲಿ ಇಟ್ಟಿದ್ದೇನೆ. ಆಗಾಗ ತಂದು ಪಕ್ಕಕ್ಕೆ ಹಿಡಿದರೆ ಬ್ಲಾಕ್‌ಗೂ ಅದಕ್ಕೂ ವ್ಯತ್ಯಾಸವೇ ಇಲ್ಲ. ಎ-ಸೀರೀಸ್ ಅಂದಮೇಲೆ ಅಲ್ಲಿ ಇಲ್ಲಿ ಎಣ್ಣೆ ಜಿನುಗುವುದು ಇದ್ದದ್ದೇ. ಬಟ್ಟೆಗೆ ಸೀಮೆಎಣ್ಣೆ ಹಾಕಿ ಒರೆಸಿದರೆ ಸಾಕು, ಹೊಳಪೂ ಹೋಗುವುದಿಲ್ಲ.

ದೊಡ್ಡ ಪರೀಕ್ಷೆ ಆದದ್ದು ಪೆಟ್ರೋಲಿನಿಂದ. ಒಮ್ಮೆ ಎಸ್‌ಯು ಕಾರ್ಬ್ಯುರೇಟರಿನ ಫ್ಲೋಟ್ ನೀಡಲ್ ಸಿಕ್ಕಿಕೊಂಡು ಪೆಟ್ರೋಲ್ ಉಕ್ಕಿ ಬ್ಲಾಕ್‌ನ ಎಡಬದಿಗೆ ಇಳಿಯಿತು. ಪುಣ್ಯಕ್ಕೆ ಎಂಜಿನ್ ತಣ್ಣಗಿತ್ತು. ಮಾಮೂಲಿ ಸಿಂಥೆಟಿಕ್ ಎನಾಮೆಲ್ ಆಗಿದ್ದರೆ ಅಂಟಂಟಾಗಿ ಸುಕ್ಕುಗಟ್ಟಿ ಏಳುತ್ತಿತ್ತು. ಇದು ಏನೂ ಆಗದೆ ಹಾಗೇ ನಿಂತಿತು. ಹಾರ್ಡನರ್ ಬೆರೆಸಿದ ಪೇಂಟಿಗೆ ಜಾಸ್ತಿ ದುಡ್ಡು ಕೊಡುವುದು ಇದಕ್ಕೇ. ಬ್ರೇಕ್ ಆಯಿಲ್ ವಿಷಯ ಮಾತ್ರ ನಮ್ಮ ಗಾಡಿಯಲ್ಲಿ ಪರೀಕ್ಷೆ ಆಗಿಲ್ಲ. ಮೈನರ್‌ನಲ್ಲಿ ಬ್ರೇಕ್ ಆಯಿಲ್ ತುಂಬುವ ಮಾಸ್ಟರ್ ಸಿಲಿಂಡರ್ ಇರುವುದು ಕಾಲಡಿಯ ನೆಲದ ಕೆಳಗೆ, ಬಾನೆಟ್ ಒಳಗಲ್ಲ.

ಬಣ್ಣ ಮಾಸಿದ್ದು ಒಂದೇ ಕಡೆ: ಹೆಡ್‌ನಲ್ಲಿ ಎಕ್ಸಾಸ್ಟ್ ಪೋರ್ಟ್‌ಗಳ ಸುತ್ತ. ಅಲ್ಲಿ ಹಸಿರು ಸ್ವಲ್ಪ ಕಂದಿಗೆ ತಿರುಗಿದೆ, ಸಿಪ್ಪೆ ಎದ್ದಿಲ್ಲ. ಕಾರ್ಖಾನೆಯ ಪೇಂಟ್ ಕೂಡ ಅಲ್ಲೇ ಮೊದಲು ಸುಡುತ್ತಿತ್ತು, ಹಾಗಾಗಿ ನನಗೆ ಬೇಸರವಿಲ್ಲ. ಹೆಡ್ ನಟ್‌ಗಳ ಮೇಲೆ ಸ್ಪ್ಯಾನರ್ ತಾಗಿ ಚಕ್ಕೆ ಎದ್ದಿತ್ತು. ಹೊಸ ಗ್ಯಾಸ್ಕೆಟ್ ಹಾಕಿ ಸ್ವಲ್ಪ ಓಡಿಸಿದ ಮೇಲೆ ನಟ್ ಮತ್ತೆ ಬಿಗಿ ಮಾಡಲೇಬೇಕಲ್ಲ. ನಟ್‌ಗಳಿಗೆ ಟಚಪ್ ಮಾಡುವುದಿದ್ದರೆ ಆ ಕೆಲಸ ಮುಗಿದ ಮೇಲೆ ಮಾಡಿ.

ತಕರಾರು ಇಲ್ಲವೇ ಇಲ್ಲ ಅಂತಲ್ಲ. ಮೊದಲ ಸಲ ಕೊಟ್ಟ ಪೇಂಟ್ ವಿಪರೀತ ಹೊಳೆಯುತ್ತಿತ್ತು. 1958ರ ಎಂಜಿನ್ ಕನ್ನಡಿ ಥರ ಹೊಳೆದರೆ ಚೆಂದವಲ್ಲ. ಹೇಳಿದ ಮೇಲೆ ಮ್ಯಾಟಿಂಗ್ ಬೆರೆಸಿ ಹೊಳಪು ಇಳಿಸಿಕೊಟ್ಟರು. ನೀವು ಮೊದಲೇ ಹೇಳಿಬಿಡಿ. ಇನ್ನೊಂದು, ಅವರು ಸಣ್ಣ ಪ್ರಮಾಣದಲ್ಲಿ ಕಲೆಸಿಕೊಡುವುದಿಲ್ಲ. ಒಂದು ಸಣ್ಣ ಎಂಜಿನ್‌ಗೆ ಬೇಕಾದ್ದಕ್ಕಿಂತ ಜಾಸ್ತಿಯೇ ಕೊಳ್ಳಬೇಕು. ಶನಿವಾರ ಹೋದರೆ ಮೇಸ್ತ್ರಿಗೆ ಪುರುಸೊತ್ತೇ ಇರುವುದಿಲ್ಲ, ವಾರದ ಮಧ್ಯೆ ಬೆಳಿಗ್ಗೆ ಹೋಗಿ.

ಮನೆಯಲ್ಲೇ ಹೊಡೆಯುತ್ತೇನೆ ಅನ್ನುವವರಿಗೆ ಕೈಮುಗಿದು ಹೇಳುವುದೇನೆಂದರೆ, 2ಕೆ ಹಾರ್ಡನರಿನಲ್ಲಿ ಐಸೊಸೈನೇಟ್ ಇರುತ್ತದೆ. ಅದು ಶ್ವಾಸಕೋಶಕ್ಕೆ ಕೆಟ್ಟದ್ದು, ಅಸ್ತಮಾ ತರಬಲ್ಲದು. ಬಟ್ಟೆಯ ಮಾಸ್ಕ್, ಕರ್ಚೀಫು ಯಾವುದೂ ತಡೆಯುವುದಿಲ್ಲ. ಮುಚ್ಚಿದ ಗ್ಯಾರೇಜಿನಲ್ಲಿ ಸುಮ್ನೆ ಸಾಹಸ ಬೇಡ, ಸರಿಯಾದ ಬೂತ್ ಇರುವ ಪೇಂಟರ್ ಹತ್ತಿರ ಮಾಡಿಸಿ.

ಉಳಿದ ಪೇಂಟನ್ನು ಹಾರ್ಡನರ್ ಬೆರೆಸದೆ ಡಬ್ಬಿ ಬಿಗಿಯಾಗಿ ಮುಚ್ಚಿಟ್ಟರೆ ಬಹಳ ದಿನ ಬರುತ್ತದೆ. ಹಾರ್ಡನರ್ ಹಾಗಲ್ಲ, ಮುಚ್ಚಳ ತೆಗೆದ ಮೇಲೆ ಗಾಳಿಯ ತೇವ ಹೀರಿಕೊಂಡು ಕೆಡುತ್ತದೆ. ಟಚಪ್‌ಗೆ ಪ್ರತಿ ಸಲ ಹೊಸ ಸಣ್ಣ ಬಾಟಲಿ ತರುತ್ತೇನೆ. ಮೇಸ್ತ್ರಿ ತಿದ್ದಿದ ಕೊನೆಯ ಫಾರ್ಮುಲಾವನ್ನು ಗ್ರಾಂ ಲೆಕ್ಕದಲ್ಲಿ ಚೀಟಿಯಲ್ಲಿ ಬರೆಸಿಕೊಂಡಿದ್ದೇನೆ. ಈಚೆಗೆ ಸ್ನೇಹಿತರೊಬ್ಬರ ಮೈನರ್‌ಗೆ ಅದೇ ಚೀಟಿ ಕೊಟ್ಟು ಮಾಡಿಸಿದೆವು, ಬಣ್ಣ ಸರಿಯಾಗಿ ಬಂತು. ಬೇರೆ ಕಂಪನಿಯ ಪೇಂಟಾದರೆ ಆ ಲೆಕ್ಕ ನಡೆಯುವುದಿಲ್ಲ. ಆದ್ದರಿಂದ ಚೀಟಿಯ ಮೇಲೆ ಪೇಂಟಿನ ಕಂಪನಿ, ಸೀರೀಸ್ ಎರಡನ್ನೂ ಬರೆಸಿಕೊಳ್ಳಿ.