ಸಿಮ್ಸ್ 4ರಲ್ಲಿ ಮೂರು ವರ್ಷ ಚಪ್ಪರ ಕಟ್ಟಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಸಿಮ್ಸ್ 4 ಅಂದರೆ ಕಂಪ್ಯೂಟರಿನಲ್ಲಿ ಮನುಷ್ಯರನ್ನು ಮಾಡಿ, ಅವರಿಗೆ ಮನೆ ಕಟ್ಟಿ, ಬದುಕು ನಡೆಸುವ ಗೇಮ್; ಆ ಮನುಷ್ಯರಿಗೆ ಸಿಮ್ ಅಂತ ಹೆಸರು. ನಾನು ಈ ಗೇಮ್ ಆಡುವುದು ಕಡಿಮೆ, ಇದರಲ್ಲಿ ಕಟ್ಟುವುದು ಜಾಸ್ತಿ. ನನ್ನ ಸಿಮ್‌ಗಳಿಗೆ ಮದುವೆ ಇಲ್ಲ, ಸರಿಯಾದ ಕೆಲಸವೂ ಇಲ್ಲ. ಒಬ್ಬಳು ಮೂರು ವರ್ಷದಿಂದ ಅಂಗಳದಲ್ಲಿ ನಿಂತೇ ಇದ್ದಾಳೆ, ನಾನು ಅವಳ ಸುತ್ತ ಏನಾದರೂ ಕಟ್ಟುತ್ತಾ ಇರುತ್ತೇನೆ. ಹಾಗಾಗಿ ಇದು ಬಿಲ್ಡ್ ಮೋಡ್, ಅಂದರೆ ಗೇಮ್‌ನಲ್ಲಿ ಕಟ್ಟುವ ಭಾಗದ, ವಿಮರ್ಶೆ. ಅದರಲ್ಲೂ ಮನೆಯದ್ದಲ್ಲ, ಮನೆಯ ಹೊರಗಿನದ್ದು. ಚಪ್ಪರ, ತುಳಸಿ ಕಟ್ಟೆ, ಬಾವಿ, ಕೊಟ್ಟಿಗೆ, ಬೇಲಿ.

ದಿ ಸಿಮ್ಸ್ 4 ಬಂದಿದ್ದು 2014ರ ಸೆಪ್ಟೆಂಬರ್‌ನಲ್ಲಿ. ಆಗ ದುಡ್ಡು ಕೊಟ್ಟು ಕೊಳ್ಳಬೇಕಿತ್ತು. 2022ರ ಅಕ್ಟೋಬರ್ 18ರಿಂದ ಮೂಲ ಗೇಮ್ ಪುಕ್ಕಟೆ ಆಯಿತು. ನಾನು ಇಳಿಸಿಕೊಂಡಿದ್ದು ಅದಾದ ಮೇಲೇ. ಇಳಿಸಿದ್ದು ಶಿವಮೊಗ್ಗದ ರೂಮಿನಲ್ಲಿ, ರಾತ್ರಿಯಿಡೀ. ತೀರ್ಥಹಳ್ಳಿ ಕಡೆಯ ನಮ್ಮನೆಯಲ್ಲಿ ಫೋನಲ್ಲಿ ಮಾತಾಡಬೇಕಾದರೂ ಗುಡ್ಡದ ಬದಿಗೆ ಹೋಗಿ ನಿಲ್ಲಬೇಕು, ಅಲ್ಲಿ ಇದೆಲ್ಲ ಆಗುವ ಮಾತಲ್ಲ. ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ಆಡಬಹುದು, ಅದೇ ಪುಣ್ಯ.

ಗೇಮ್‌ನಲ್ಲಿ ನ್ಯೂಕ್ರೆಸ್ಟ್ ಅಂತ ಒಂದು ಊರಿದೆ. 15 ಖಾಲಿ ಜಾಗ, ಒಂದೂ ಮನೆ ಇಲ್ಲ. ಕಟ್ಟುವವರಿಗೆ ಹೇಳಿ ಮಾಡಿಸಿದ್ದು. ಈ ಗೇಮ್‌ನಲ್ಲಿ ಸಿಗುವ ಅತಿ ದೊಡ್ಡ ಜಾಗ 64 ಚೌಕ ಉದ್ದ, 64 ಚೌಕ ಅಗಲ. ದೊಡ್ಡದು ಬೇಕು ಅಂತ ಆಸೆ ಪಟ್ಟು ಮೊದಲ ಸಲ ಅದನ್ನೇ ತಗೊಂಡೆ. ತಪ್ಪು ಮಾಡಿದೆ. ಅಂಗಳ ಅಂದರೆ ಮೂರು ಕಡೆ ಏನಾದರೂ ಇರಬೇಕು. ಇದು ಜಾತ್ರೆ ಮುಗಿದ ಮೈದಾನದ ಹಾಗೆ ಕಾಣುತ್ತಿತ್ತು. ಈಗ 30ಕ್ಕೆ 20ರ ಜಾಗದಲ್ಲಿದ್ದೇನೆ, ಸಾಕು.

ದುಡ್ಡಿನ ಚಿಂತೆ ಬೇಡ. ಒಬ್ಬ ಸಿಮ್‌ಗೆ ಶುರುವಿನಲ್ಲಿ 20,000 ಸಿಮೋಲಿಯನ್ ಕೊಡುತ್ತಾರೆ. ಸಾಲದಿದ್ದರೆ ಕಂಟ್ರೋಲ್, ಶಿಫ್ಟ್, ಸಿ ಮೂರೂ ಒಟ್ಟಿಗೆ ಒತ್ತಿ, ಮೇಲೆ ತೆರೆಯುವ ಪೆಟ್ಟಿಗೆಯಲ್ಲಿ ಮದರ್‌ಲೋಡ್ ಅಂತ ಟೈಪ್ ಮಾಡಿದರೆ ಒಂದೇ ಏಟಿಗೆ 50,000. ಅಪ್ಪಯ್ಯ ಹಿಂದೆ ನಿಂತು ನೋಡುತ್ತಿದ್ದರು. "ಸೊಸೈಟಿ ಸಾಲ ಹಿಂಗೆ ಸಿಗೋ ಹಾಗಿದ್ರೆ ಆಗಿತ್ತು" ಅಂದರು.

ಈಗ ಚಪ್ಪರಕ್ಕೆ ಬರುತ್ತೇನೆ. ಅಡಿಕೆ ಮನೆಯವರಿಗೆ ಹೇಳಬೇಕಾಗಿಲ್ಲ. ಮಳೆ ಬಿಟ್ಟ ಮೇಲೆ ಅಂಗಳದಲ್ಲಿ ಕಂಬ ಹುಗಿದು, ಅಡ್ಡಕ್ಕೆ ಗಳ ಹಾಕಿ, ಮೇಲೆ ಅಡಿಕೆ ದಬ್ಬೆ, ಅಂದರೆ ಅಡಿಕೆ ಮರ ಸೀಳಿದ ಪಟ್ಟಿ, ಹಾಸುತ್ತೇವೆ. ಬೇಯಿಸಿದ ಅಡಿಕೆ ಮೇಲೆ ಒಣಗುತ್ತದೆ, ಕೆಳಗೆ ನೆರಳು. ಮುಂದಿನ ಮಳೆ ಶುರು ಆಗುವ ಮುಂಚೆ ಎಲ್ಲ ಬಿಚ್ಚಿ, ದಬ್ಬೆಯನ್ನು ಕೊಟ್ಟಿಗೆಯ ಅಟ್ಟಕ್ಕೆ ಏರಿಸುವುದು. ಗೇಮ್‌ನಲ್ಲಿ ಇದಕ್ಕೆ ಹತ್ತಿರದ್ದು ಅಂದರೆ ವಿದೇಶದ ತೋಟಗಳಲ್ಲಿ ಇರುತ್ತದಲ್ಲ, ಬಳ್ಳಿ ಹಬ್ಬಿಸುವ ಪರ್ಗೋಲಾ, ಅದು. ಮೂಲ ಗೇಮ್‌ನಲ್ಲಿ ನನಗೆ ಬೇಕಾದ ಅಳತೆಯದು ಸಿಗಲಿಲ್ಲ. ಕಂಬಗಳು ಬೇಕಾದಷ್ಟಿವೆ, ಮೇಲಿನದ್ದನ್ನು ನಾವೇ ಹೊಂದಿಸಬೇಕು.

ಹೊಂದಿಸುವ ಉಪಾಯ ಹೀಗೆ. ಅದೇ ಪೆಟ್ಟಿಗೆಯಲ್ಲಿ ಬಿಬಿ ಡಾಟ್ ಮೂವ್‌ಆಬ್ಜೆಕ್ಟ್ಸ್ ಅಂತ ಟೈಪ್ ಮಾಡಬೇಕು, ನಡುವೆ ಜಾಗ ಬಿಡದೆ. ಗೇಮ್ ಮುಚ್ಚಿ ತೆರೆದರೆ ಮತ್ತೆ ಟೈಪ್ ಮಾಡಬೇಕು. ಆಮೇಲೆ ಯಾವ ವಸ್ತುವಿನ ಮೇಲೆ ಯಾವುದನ್ನು ಬೇಕಾದರೂ ಇಡಬಹುದು. ಕಂಟ್ರೋಲ್ ಹಿಡಿದು 9 ಒತ್ತಿದರೆ ವಸ್ತು ಮೇಲೇರುತ್ತದೆ, 0 ಒತ್ತಿದರೆ ಇಳಿಯುತ್ತದೆ. ಆಲ್ಟ್ ಹಿಡಿದರೆ ಚೌಕದ ಲೆಕ್ಕ ಬಿಟ್ಟು ಅರ್ಧಂಬರ್ಧ ಸರಿಸಬಹುದು. ಶಿಫ್ಟ್ ಜೊತೆ ಚೌಕ ಆವರಣದ ಕೀಲಿಗಳಲ್ಲಿ ] ಒತ್ತಿದರೆ ವಸ್ತು ದೊಡ್ಡದಾಗುತ್ತದೆ, [ ಒತ್ತಿದರೆ ಚಿಕ್ಕದಾಗುತ್ತದೆ. ಈ ನಾಲ್ಕು ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ನಾನು ಎಂಟು ಕಂಬ ನಿಲ್ಲಿಸಿದೆ. ದಬ್ಬೆಗೆ ಏನು ಮಾಡುವುದು? ಹುಡುಕಿ ಹುಡುಕಿ ಕೊನೆಗೆ ಪಾರ್ಕಿನಲ್ಲಿ ಇರುವಂಥ ಉದ್ದನೆಯ ಮರದ ಬೆಂಚು ತಗೊಂಡು ಒಂದೊಂದಾಗಿ ಕಂಬದ ತುದಿಗೆ ಏರಿಸಿದೆ. ಕೆಳಗಿನಿಂದ ನೋಡಿದರೆ ಪಟ್ಟಿ ಪಟ್ಟಿಯಾಗಿ ದಬ್ಬೆ ಹಾಸಿದ ಹಾಗೇ. ನೆರಳೂ ಪಟ್ಟಿ ಪಟ್ಟಿಯಾಗಿ ಬಿತ್ತು. ಖುಷಿಯಾಗಿ ಅಪ್ಪಯ್ಯನಿಗೆ ತೋರಿಸಿದೆ.

ಅವರು ಕನ್ನಡಕ ಹಾಕಿಕೊಂಡು ಪರದೆಯ ಹತ್ತಿರ ಬಂದು ನೋಡಿದರು.

"ಕವೆ ಎಲ್ಲಿ?" ಕವೆ ಅಂದರೆ ಗಳ ಕೂರಿಸಲು ಕಂಬದ ತುದಿಯಲ್ಲಿ ಇರುವ ಕವಲು.

"ಕವೆ ಇಲ್ಲ ಅಪ್ಪಯ್ಯ, ಕಂಬ ಅಷ್ಟೇ."

"ಕವೆ ಇಲ್ದೆ ಗಳ ಹೆಂಗೆ ನಿಲ್ತದೆ ಮಾರಾಯ್ತಿ?"

ನಿಲ್ಲುವುದು ಬಿಡಿ, ಗಳವೇ ಇರಲಿಲ್ಲ. ಇಲ್ಲಿ ಭಾರ ಅನ್ನುವುದೇ ಇಲ್ಲ. ಗಾಳಿಯಲ್ಲಿ ಬಿಟ್ಟರೆ ಬೆಂಚು ಗಾಳಿಯಲ್ಲೇ ಇರುತ್ತದೆ. ಇದನ್ನು ಹೇಳಿದರೆ ಅವರಿಗೆ ಒಪ್ಪಿಗೆಯಾಗಲಿಲ್ಲ. "ಹಂಗಾದ್ರೆ ಕಂಬ ಯಾಕೆ ಹಾಕ್ದೆ?" ಅಂತ ಕೇಳಿ ಎದ್ದು ಹೋದರು. ಉತ್ತರ ನನ್ನ ಹತ್ತಿರವೂ ಇರಲಿಲ್ಲ. ಆಮೇಲೆ ಸುಮ್ನೆ ಅವರ ಸಮಾಧಾನಕ್ಕೆ ಬೆಂಚಿನ ಕೆಳಗೆ ಅಡ್ಡಡ್ಡ ಇನ್ನೂ ನಾಲ್ಕು ಬೆಂಚು ಏರಿಸಿ ಗಳ ಮಾಡಿದೆ. ನೋಡಲು ಅದೇ ಚೆನ್ನಾಗಿತ್ತು, ಒಪ್ಪಿಕೊಳ್ಳಬೇಕು.

ನಿಜವಾದ ತಾಪತ್ರಯ ಕಂಡಿದ್ದು ಬಿಲ್ಡ್ ಮೋಡ್‌ನಿಂದ ಹೊರಗೆ ಬಂದಾಗ. ಸಿಮ್‌ಗೆ ಚಪ್ಪರದ ಕೆಳಗೆ ಹೋಗು ಅಂದೆ. ಹೋಗಲಿಲ್ಲ. ಅಂಚಿಗೆ ಬಂದು ನಿಂತು, ಎರಡೂ ಕೈ ಎತ್ತಿ ಬೀಸಿ, ಏನೋ ಗೊಣಗಿದಳು. ಎಷ್ಟು ಸಲ ಹೇಳಿದರೂ ಅದೇ ಆಟ. ವಿಷಯ ಏನೆಂದರೆ, ವಸ್ತುವನ್ನು ಎಷ್ಟು ಎತ್ತರಕ್ಕೆ ಏರಿಸಿದರೂ ಅದು ನೆಲದಲ್ಲಿ ಹಿಡಿದ ಜಾಗವನ್ನು ಬಿಡುವುದಿಲ್ಲ. ನಮ್ಮ ಕಣ್ಣಿಗೆ ಬೆಂಚು ಮೇಲಿದೆ, ಸಿಮ್ ಪಾಲಿಗೆ ಅದು ಇನ್ನೂ ಕೆಳಗೇ ಇದೆ. ನನ್ನ ಇಡೀ ಚಪ್ಪರದ ಅಡಿ ಅವಳಿಗೆ ಬೆಂಚುಗಳ ಗೋದಾಮು.

ಒಂದು ಚೌಕ ಬಿಟ್ಟು ಒಂದು ಚೌಕದಲ್ಲಿ ಬೆಂಚು ಇಟ್ಟೆ, ಅಡ್ಡ ಹಾಕಿದ್ದನ್ನು ಎರಡು ತುದಿಗೆ ತಳ್ಳಿ ಒಂದು ಕಡೆ ದಾರಿ ಬಿಟ್ಟೆ. ಈಗ ಒಳಗೆ ಬರುತ್ತಾರೆ. ಆದರೆ ನೇರ ನಡೆಯುವುದಿಲ್ಲ, ಕಣ್ಣಿಗೆ ಕಾಣದ ಬೆಂಚುಗಳನ್ನು ಸುತ್ತಿಕೊಂಡು, ಅಂಚು ಹಿಡಿದು, ತಿರುಗಿ ತಿರುಗಿ ನಡೆಯುತ್ತಾರೆ. ಮೊದಲು ಸಿಟ್ಟು ಬಂತು. ಆಮೇಲೆ ಅನ್ನಿಸಿತು, ಅಂಗಳದಲ್ಲಿ ಅಡಿಕೆ ಹರವಿದ ದಿನ ನಾವು ನಡೆಯುವುದೂ ಹೀಗೇ ಅಲ್ವಾ. ಅದನ್ನು ಹಾಗೇ ಬಿಟ್ಟಿದ್ದೇನೆ. ನಿಮಗೆ ಇದು ಬೇಡ ಅಂದರೆ ಬೆಂಚಿನ ಬದಲು ಮೇಜಿನ ಮೇಲಿಡುವ ಸಣ್ಣ ಅಲಂಕಾರದ ವಸ್ತುವನ್ನು ದೊಡ್ಡದು ಮಾಡಿ ಏರಿಸಿ, ಅದು ನೆಲದಲ್ಲಿ ಅಷ್ಟು ಜಾಗ ಹಿಡಿಯುವುದಿಲ್ಲ.

ಇನ್ನೊಂದು ಬೇಜಾರು. ನಾವು ಕಟ್ಟಿದ ಚಪ್ಪರಕ್ಕೆ ಗಿಡ ಹಬ್ಬುವುದಿಲ್ಲ. ಹಿತ್ತಲಲ್ಲಿ ಒಂದು ಪುಟ್ಟ ಬಸಳೆ ಚಪ್ಪರ ಮಾಡಿ, ಬುಡದಲ್ಲಿ ಏನು ನೆಟ್ಟರೂ ಅದು ತನ್ನ ಪಾಡಿಗೆ ಪೊದೆಯಾಗಿ ಕೂತಿರುತ್ತದೆ. ಅಲಂಕಾರದ ಬಳ್ಳಿ ತಂದು ಅಂಟಿಸಬೇಕು. ಅದು ಬೆಳೆಯುವುದೂ ಇಲ್ಲ, ಬಾಡುವುದೂ ಇಲ್ಲ.

ತುಳಸಿ ಕಟ್ಟೆಯ ಕಥೆ ಬೇರೆ. 2020ರ ನವೆಂಬರ್‌ನಲ್ಲಿ ಪ್ಲಾಟ್‌ಫಾರ್ಮ್ ಅನ್ನುವ ಸೌಲಭ್ಯವನ್ನು ಉಚಿತವಾಗಿ ಸೇರಿಸಿದರು. ನೆಲದ ಒಂದು ಭಾಗವನ್ನು ಕಟ್ಟೆಯ ಹಾಗೆ ಎತ್ತರಿಸಬಹುದು. ಕಟ್ಟೆ ಕಟ್ಟುವವರಿಗೆ ಇದಕ್ಕಿಂತ ಬೇರೆ ಏನು ಬೇಕು? ಒಂದು ಚೌಕದ ಕಟ್ಟೆ ಎತ್ತರಿಸಿ, ಮೇಲೆ ಗಿಡ ನೆಡುವ ಪೆಟ್ಟಿಗೆ ಇಟ್ಟೆ. ಥೇಟ್ ನಮ್ಮನೆ ಕಟ್ಟೆಯ ಹಾಗಿತ್ತು. ಆದರೆ ನೀರು ಹಾಕಲು ಸಿಮ್ ಹೋಗಲಾರಳು, ಯಾಕೆಂದರೆ ಪೆಟ್ಟಿಗೆಯ ಪಕ್ಕ ಅದೇ ಮಟ್ಟದಲ್ಲಿ ನಿಲ್ಲಲು ಜಾಗ ಬೇಕು. ಸರಿ, ಮೂರಕ್ಕೆ ಮೂರು ಚೌಕ ಮಾಡಿದೆ. ಎತ್ತರ ಜಾಸ್ತಿಯಾದರೆ ಮೆಟ್ಟಿಲು ಬೇಕು, ಕಡಿಮೆ ಇಟ್ಟರೆ ಹಾಗೇ ಹತ್ತುತ್ತಾರೆ. ಕಡಿಮೆ ಇಟ್ಟೆ. ಈಗ ನನ್ನ ತುಳಸಿ ಕಟ್ಟೆ ಯಕ್ಷಗಾನದ ರಂಗಸ್ಥಳದ ಹಾಗಿದೆ.

ತುಳಸಿ ಗಿಡ ಗೇಮ್‌ನಲ್ಲಿ ಇಲ್ಲ. ಬೇಸಿಲ್ ಇದೆ, ಅದನ್ನೇ ನೆಟ್ಟೆ. ಅಮ್ಮ ಒಂದೇ ನೋಟಕ್ಕೆ "ಇದು ಕಾಮಕಸ್ತೂರಿ" ಅಂದರು. ಹೌದು, ತುಳಸಿಯ ಹತ್ತಿರದ ನೆಂಟ, ತುಳಸಿ ಅಲ್ಲ. ಅಷ್ಟು ಹೊತ್ತಿಗೆ ಸಿಮ್ ಬಂದು ಎಲೆ ಕಿತ್ತುಕೊಂಡು ಅಡುಗೆಮನೆಗೆ ಹೊರಟಳು. "ಕಟ್ಟೆಯಿಂದ ಕಿತ್ತು ಸಾರಿಗೆ ಹಾಕ್ತಾಳಾ?" ಅಂತ ಅಮ್ಮನಿಗೆ ಗಾಬರಿ. ಆಮೇಲೆ ಅಮ್ಮ ಬರುವಾಗ ನಾನು ಗೇಮ್ ನಿಲ್ಲಿಸಿ ಇಡುತ್ತೇನೆ.

ಪ್ಯಾಕ್ ಅಂದರೆ ಮೂಲ ಗೇಮ್‌ಗೆ ದುಡ್ಡು ಕೊಟ್ಟು ಸೇರಿಸಿಕೊಳ್ಳುವ ಹೆಚ್ಚಿನ ಭಾಗ, ಅವುಗಳ ವಿಷಯ ಬೇಗ ಮುಗಿಸುತ್ತೇನೆ. ರಿಯಾಯಿತಿ ಇದ್ದಾಗ ಮಾತ್ರ ತಗೊಳ್ಳಿ, ಪೂರ್ತಿ ಬೆಲೆಗೆ ಒಂದೂ ಬೇಡ. ನಾನು ತಗೊಂಡಿದ್ದು ಮೂರು. 2016ರ ರೊಮ್ಯಾಂಟಿಕ್ ಗಾರ್ಡನ್ ಸ್ಟಫ್‌ನಲ್ಲಿ ಒಂದು ಬಾವಿ ಇದೆ ಅಂತ ಆಸೆ ಪಟ್ಟು ಕೊಂಡೆ. ಸೇದುವ ಬಾವಿ ಬೇಕು ಅಂದರೆ ವರ ಕೊಡುವ ಬಾವಿ ಸಿಕ್ಕಿತು. ಕಾಸು ಹಾಕಿ ಹರಕೆ ಹೇಳಬೇಕು, ಅದಕ್ಕೆ ಮನಸ್ಸಾದರೆ ಕೊಡುತ್ತದೆ, ಇಲ್ಲದಿದ್ದರೆ ಕಾಡುತ್ತದೆ. ಕೊಡಪಾನ ಇಳಿಬಿಡುವಂತಿಲ್ಲ. 2021ರ ಕಾಟೇಜ್ ಲಿವಿಂಗ್‌ನಲ್ಲಿ ಹಸು ಇದೆ, ಕೋಳಿ ಇದೆ. ಆದರೆ ಕೊಟ್ಟಿಗೆಯನ್ನು ನಾವು ಕಟ್ಟುವ ಹಾಗಿಲ್ಲ. ಸಿದ್ಧ ಗೂಡು ಬರುತ್ತದೆ, ಒಂದು ಗೂಡಿಗೆ ಒಂದೇ ಹಸು. ಮೂರು ಹಸು ಬೇಕಾದರೆ ಮೂರು ಗೂಡು. ಮಲೆನಾಡು ಗಿಡ್ಡ ಹಸುಗಳ ಸಾಲನ್ನು ಒಂದೇ ಮಾಡಿನ, ಅಂದರೆ ಚಾವಣಿಯ, ಕೆಳಗೆ ಕಟ್ಟಿದವರಿಗೆ ಇದು ಬಸ್ ನಿಲ್ದಾಣದ ಅಂಗಡಿ ಸಾಲಿನ ಹಾಗೆ ಕಾಣುತ್ತದೆ. ನಾನು ಮೂರನ್ನೂ ಸಾಲಾಗಿ ಇಟ್ಟು, ಮೇಲೆ ಒಂದು ದೊಡ್ಡ ಮಾಡು ಎಳೆದು ಮುಚ್ಚಿದ್ದೇನೆ. ಮಾಡಿನ ಸೂರನ್ನು ಬೇಕಾದಷ್ಟು ಉದ್ದ ಎಳೆಯಬಹುದು, ಇಳಿಜಾರನ್ನೂ ಕಡಿದಾಗಿ ಮಾಡಬಹುದು. ಈ ಒಂದು ವಿಷಯದಲ್ಲಿ ಮಲೆನಾಡಿನವರಿಗೆ ಯಾವ ಕೊರತೆಯೂ ಇಲ್ಲ.

ಮೂರನೆಯದು 2018ರ ಸೀಸನ್ಸ್. ತೋಟ ಕಟ್ಟುವವರು ಒಂದೇ ಪ್ಯಾಕ್ ತಗೊಳ್ಳುವುದಾದರೆ ಇದನ್ನೇ ತಗೊಳ್ಳಿ. ಮಳೆ ಬಂದರೆ ಹೊರಗಿನ ಗಿಡಕ್ಕೆ ತಾನೇ ನೀರಾಗುತ್ತದೆ, ಕಾಲ ತಪ್ಪಿದ ಗಿಡ ಮಲಗುತ್ತದೆ, ಅದನ್ನು ಮಾಡಿನ ಒಳಗೆ ಇಟ್ಟರೆ ವರ್ಷವಿಡೀ ಫಲ ಕೊಡುತ್ತದೆ. ಆದರೆ ಕಾಲಗಳು ನಾಲ್ಕು: ವಸಂತ, ಬೇಸಿಗೆ, ಎಲೆ ಉದುರುವ ಕಾಲ, ಚಳಿಗಾಲ. ಮಳೆಗಾಲ ಇಲ್ಲ! ವರ್ಷಕ್ಕೆ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುವ ಆಗುಂಬೆ ನಮ್ಮ ತಾಲ್ಲೂಕಿನಲ್ಲೇ ಇದೆ. ನಮ್ಮಂಥವರು ಚಳಿಗಾಲದಲ್ಲಿ ಅಂಗಳದ ಹಿಮ ಗುಡಿಸಬೇಕಾ? ಹಿಮವನ್ನು ಸೆಟ್ಟಿಂಗ್‌ನಲ್ಲಿ ತೆಗೆದುಹಾಕಬಹುದು, ತೆಗೆದಿದ್ದೇನೆ. ಮೂರು ತಿಂಗಳ ಜಡಿಮಳೆಯನ್ನು ಮಾತ್ರ ತರಲಾಗಲಿಲ್ಲ.

ಒಂದು ಕಾಲ ಅಂದರೆ ಗೇಮ್‌ನ 7 ದಿನ. ಸಾಮಾನ್ಯ ವೇಗದಲ್ಲಿ ಅಲ್ಲಿನ ಒಂದು ನಿಮಿಷ ನಮ್ಮ ಒಂದು ಸೆಕೆಂಡ್, ಒಂದು ದಿನ 24 ನಿಮಿಷ. ಅಂದರೆ ಒಂದು ಕಾಲ ಮೂರು ಗಂಟೆಯೊಳಗೆ ಮುಗಿಯುತ್ತದೆ. ನಾನು ಎಲೆ ಉದುರುವ ಕಾಲ ಬಂದಾಗ ಚಪ್ಪರ ಹಾಕುತ್ತೇನೆ, ವಸಂತ ಮುಗಿಯುವಾಗ ಬಿಚ್ಚುತ್ತೇನೆ. ಬೆಂಚುಗಳನ್ನು ಮಾರುವುದಿಲ್ಲ, ಮನೆಯ ದಾಸ್ತಾನಿಗೆ ಎಳೆದು ಹಾಕುತ್ತೇನೆ, ಅಟ್ಟಕ್ಕೆ ಏರಿಸಿದ ಹಾಗೆ. ಮೊದಲು ಒಂದು ಸಂಜೆ ಹಿಡಿಯುತ್ತಿದ್ದ ಕೆಲಸ ಈಗ ಹತ್ತು ನಿಮಿಷ. ಬೇಕಾಗಿಲ್ಲದ ಕೆಲಸ, ಗೊತ್ತು. ಚಪ್ಪರ ಹಾಗೇ ಬಿಟ್ಟರೂ ಇಲ್ಲಿ ದಬ್ಬೆ ಕೊಳೆಯುವುದಿಲ್ಲ. ಆದರೂ ಈ ಗೇಮ್‌ನಲ್ಲಿ ನನಗೆ ಅತಿ ಇಷ್ಟದ್ದು ಈ ಹತ್ತು ನಿಮಿಷ. ಬಿಚ್ಚಿದ ಮೇಲೆ ಅಂಗಳ ಇದ್ದಕ್ಕಿದ್ದಂತೆ ದೊಡ್ಡದಾಗಿ, ಬೆಳಕಾಗಿ ಕಾಣುತ್ತದೆ ನೋಡಿ, ಅದಕ್ಕೆ.

ಎಚ್ಚರಿಕೆ ಒಂದಿದೆ. ಇದು ತಾನಾಗಿ ಸೇವ್ ಆಗುವುದಿಲ್ಲ. ನನ್ನ ಲ್ಯಾಪ್‌ಟಾಪ್ ಬ್ಯಾಟರಿ ಸತ್ತು ಎರಡು ವರ್ಷವಾಯಿತು. ಹೊಸದು ಅಂತ ಹೇಳಿ ಹಾಕಿಕೊಟ್ಟ ಬ್ಯಾಟರಿ ಮಳೆಗಾಲ ದಾಟಲಿಲ್ಲ, ಅಂಗಡಿಯವನು ಬಿಲ್ ಇಲ್ಲ ಅಂತ ಕೈಚೆಲ್ಲಿದ. ಜುಲೈನಲ್ಲಿ ಒಂದು ಸಂಜೆ ಗುಡುಗಿದ್ದೇ ತಡ, ಕರೆಂಟ್ ಹೋಯಿತು, ಎರಡು ಗಂಟೆ ಕೂತು ಕಟ್ಟಿದ ಪಾಗಾರವೂ ಹೋಯಿತು. ಹಳೆಯ ಸೇವ್‌ಗಳನ್ನು ಮರಳಿ ಪಡೆಯುವ ದಾರಿ ಲೋಡ್ ಪರದೆಯಲ್ಲೇ ಇದೆ, ಆದರೆ ನೀವು ಸೇವ್ ಮಾಡಿದ್ದರೆ ತಾನೇ ಸಿಗುವುದು. ಮಳೆಗಾಲದಲ್ಲಿ ಆಡುವವರು ಐದು ಬೆಂಚಿಗೊಮ್ಮೆ ಸೇವ್ ಮಾಡಿ.

ಭಾಷೆ ಕನ್ನಡ ಇಲ್ಲ, ಇಂಗ್ಲಿಷ್‌ನಲ್ಲೇ ಹುಡುಕಬೇಕು. ಸಿಮ್‌ಗಳು ಆಡುವುದು ಸಿಮ್ಲಿಷ್, ಅದು ಯಾರಿಗೂ ಅರ್ಥವಾಗುವುದಿಲ್ಲ, ಹಾಗಾಗಿ ಅಪ್ಪಯ್ಯನಿಗೂ ನನಗೂ ಸಮ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಬರೀ ಮೂಲ ಗೇಮ್‌ಗೆ ಆದರೆ ನಾಲ್ಕು, ಪುಕ್ಕಟೆ ಸಿಗುವುದಕ್ಕೆ ಇಷ್ಟು ಕಟ್ಟಲು ಬಿಡುವುದೇ ಹೆಚ್ಚು. ಕಳೆದ ಅರ್ಧ ಅಂಕ ಆ ಬಾವಿಯ ಲೆಕ್ಕ.

ಈಗ ಅಂಗಳದ ಬಾಯಿಗೆ ಉಣುಗೋಲು ಆಗಬೇಕು. ಗೇಟುಗಳು ರಾಶಿ ಇವೆ, ಎಲ್ಲವೂ ತಿರುಗಣೆ ಮೇಲೆ ತೆರೆಯುವಂಥವು. ಎರಡು ಕಂಬದ ತೂತಿನಲ್ಲಿ ಗಳ ತೂರಿಸುವಂಥದ್ದು ಒಂದೂ ಇಲ್ಲ. ಬೇಲಿಯ ತುಂಡಿಗೆ ಬೆಂಚು ಅಡ್ಡ ಇಟ್ಟು ನೋಡಿದೆ, ಚೆನ್ನಾಗಿಯೇ ಕಂಡಿತು, ಆದರೆ ಸಿಮ್ ಮನೆಯಿಂದ ಹೊರಗೆ ಬರಲಾಗದೆ ಕೈ ಬೀಸುತ್ತಾ ನಿಂತಿದ್ದಾಳೆ. ಯಾರಾದರೂ ಮಾಡಿದ್ದರೆ ಹೇಗೆ ಅಂತ ತಿಳಿಸಿ.